ಹಾಲ್, ಊಟದ ಜಾಗ, ಅಡುಗೆಮನೆ ಮೂರೂ ಒಂದೇ ಕಡೆ ತೆರೆದುಕೊಂಡಿವೆ. ವಿಜಯಪುರದ ನಮ್ಮ ಹೊಸ ಮನೆಗೆ ಯಾವ ತಿಳಿ ಬಣ್ಣ ಹಚ್ಚಿಸಬೇಕು?

ಮೂರಕ್ಕೂ ಒಂದೇ ಬಣ್ಣ ಹಚ್ಚಿಸಿ. ಅಚ್ಚ ಬಿಳಿ ಬೇಡ, ಹಳದಿಯ ಸುಳಿವಿರುವ ಕೆನೆ ಬಣ್ಣ ಇರಲಿ.

ನಡುವೆ ಅಡ್ಡಗೋಡೆ ಇಲ್ಲದಿದ್ದರೆ ಒಂದು ಗೋಡೆಗೆ ಬಿದ್ದ ಬೆಳಕು ಎದುರಿನ ಗೋಡೆಗೆ ಹೋಗಿ ಮತ್ತೆ ವಾಪಸ್ ಬರುತ್ತದೆ. ಪ್ರತಿ ಸಲವೂ ಗೋಡೆಯ ಬಣ್ಣವನ್ನು ಹೊತ್ತು ತರುತ್ತದೆ. ಅದಕ್ಕೇ ಶೇಡ್ ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ಮನೆ ತುಂಬಾ ಹಚ್ಚಿದ ಮೇಲೆ ಜಾಸ್ತಿ ಗಾಢ ಅನ್ನಿಸುತ್ತದೆ. ಮನಸ್ಸಿಗೆ ಬಂದ ಶೇಡಿಗಿಂತ ಒಂದು ಹಂತ ತಿಳಿಯದನ್ನೇ ಆರಿಸಿ. ನೆಲವೂ ಲೆಕ್ಕಕ್ಕೆ ಬರುತ್ತದೆ. ಶಹಾಬಾದ್ ಕಲ್ಲಿನ ಬೂದು ನೆಲದ ಜೊತೆ ನೀಲಿ ಛಾಯೆಯ ಬಿಳಿ ಮಂಕಾಗುತ್ತದೆ.

ಅಚ್ಚ ಬಿಳಿ ಬೇಡ ಅಂದದ್ದು ನಮ್ಮ ಕಡೆಯ ಬಿಸಿಲಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಕಣ್ಣು ಕುಕ್ಕುತ್ತದೆ. ಎರೆಮಣ್ಣಿನ ಧೂಳೂ ಬೇಗ ಎದ್ದು ಕಾಣುತ್ತದೆ.

ಇಡೀ ಮನೆಗೆ ಬೇಕಾದಷ್ಟು ಪೇಂಟ್ ತರುವ ಮುಂಚೆ ಕಿಟಕಿ ಹತ್ತಿರ ಒಂದು ಕಡೆ, ಅಡುಗೆಮನೆಯ ಒಳಮೂಲೆಯಲ್ಲಿ ಒಂದು ಕಡೆ, ಎರಡೆರಡು ಅಡಿ ಅಗಲಕ್ಕೆ ಹಚ್ಚಿ ನೋಡಿ. ಬೆಳಿಗ್ಗೆ, ಇಳಿಹೊತ್ತು, ರಾತ್ರಿ ಲೈಟ್ ಹಾಕಿದ ಮೇಲೆ. ರಾತ್ರಿ ನೋಡುವುದನ್ನೇ ಜನ ಮರೆಯುತ್ತಾರೆ. ಬಲ್ಬಿನ ಡಬ್ಬಿ ಮೇಲೆ 3000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಎಂದಿದ್ದರೆ ಬೆಳಕು ಹಳದಿ, ಕೆನೆ ಬಣ್ಣ ಇನ್ನೂ ಹಳದಿಯಾಗುತ್ತದೆ. 6500 ಕೆ ಎಂದಿದ್ದರೆ ಬೆಳಕು ನೀಲಿ ಕಡೆಗೆ ವಾಲುತ್ತದೆ.

ಒಲೆ ಹಿಂದೆ, ರೊಟ್ಟಿ ಬಡಿಯುವ ಕಡೆ ಮಾತ್ರ ಅದೇ ಬಣ್ಣವನ್ನು ತೊಳೆಯಬಹುದಾದ, ಸ್ವಲ್ಪ ಹೊಳಪಿನ ಪೇಂಟಿನಲ್ಲಿ ಹಚ್ಚಿಸಿ. ಒಗ್ಗರಣೆಯ ಜಿಡ್ಡು ಒದ್ದೆ ಬಟ್ಟೆಗೆ ಬರುತ್ತದೆ.