ಒಂದೇ ಮಾತ್ರೆಗೆ ಎರಡು ಹೆಸರು

(ಹೆಸರು, ಊರು, ಕುಟುಂಬದ ಗುರುತುಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಸುಮಾ ಶಿವಮೊಗ್ಗದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದದ್ದು ನಿದ್ರೆ ಬರುವುದಿಲ್ಲ ಎಂಬ ದೂರಿನೊಂದಿಗೆ. ವಯಸ್ಸು ಮೂವತ್ತರ ಆಸುಪಾಸು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ತೀರ್ಥಹಳ್ಳಿ ಕಡೆಯ ತನ್ನ ಊರಿಗೆ ಮರಳಿದ್ದಳು. ನಿದ್ರೆಯ ಮಾತು ಬೇಗ ಮುಗಿಯಿತು. ಉಳಿದ ಹೊತ್ತೆಲ್ಲ ಲ್ಯಾಪ್‌ಟಾಪ್ ತೆರೆದು ತನ್ನ ಸ್ಟಾರ್ಟಪ್ ಯೋಜನೆಯನ್ನು ವಿವರಿಸಿದಳು. ವೈದ್ಯರ ಚೀಟಿಯ ಫೋಟೊ ಹಾಕಿದರೆ ಅದೇ ಔಷಧ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಎಷ್ಟೆಷ್ಟಕ್ಕೆ ಸಿಗುತ್ತದೆ, ಹತ್ತಿರದ ಯಾವ ಅಂಗಡಿಯಲ್ಲಿ ಅಗ್ಗ ಎಂದು ತೋರಿಸುವ ಆ್ಯಪ್ ಅದು. ಬಂಡವಾಳಕ್ಕೆ ಅಪ್ಪಯ್ಯ ಅಡಿಕೆ ತೋಟದ ಮೇಲೆ ಸಾಲ ತೆಗೆಯಬೇಕು, ಅವರು ಒಪ್ಪುತ್ತಿಲ್ಲ. “ನೀವು ಒಂದು ಮಾತು ಹೇಳಿದರೆ ಕೇಳುತ್ತಾರೆ ಮೇಡಂ” ಎಂದಳು.

ಸಲಹೆ ಕೇಳುವ ನೆಪದಲ್ಲಿ ಶಿಫಾರಸು ಕೇಳಲು ಬರುವವರು ನನಗೆ ಹೊಸಬರಲ್ಲ. ತೋಟದ ವಿಚಾರ ಬದಿಗಿಟ್ಟು, ಈ ಯೋಚನೆ ಬಂದದ್ದು ಯಾವಾಗ ಎಂದು ಕೇಳಿದೆ. ನಿದ್ರೆ ಕೆಟ್ಟ ಕಥೆಯೂ ಅದರ ಜೊತೆಗೇ ಹೊರಬಂತು.

ಸುಮಾಳ ಅಮ್ಮನಿಗೆ ರಕ್ತದೊತ್ತಡ, ಜೊತೆಗೆ ಥೈರಾಯ್ಡ್. ಮಾತ್ರೆಗಳೆಲ್ಲ ಬರುತ್ತಿದ್ದುದು ಪೇಟೆಯಲ್ಲಿರುವ ಚಿಕ್ಕಪ್ಪನ ಮೆಡಿಕಲ್ ಶಾಪಿನಿಂದ. ಒಮ್ಮೆ ಶಿವಮೊಗ್ಗದಲ್ಲಿ ಬಸ್ಸಿಗೆ ಕಾಯುವಾಗ ಸುಮಾ ಜನೌಷಧಿ ಕೇಂದ್ರಕ್ಕೆ ಹೋಗಿ ಅಮ್ಮನ ರಕ್ತದೊತ್ತಡದ ಮಾತ್ರೆಯ ಬೆಲೆ ವಿಚಾರಿಸಿದಳು. ಚಿಕ್ಕಪ್ಪನಿಗೆ ಕೊಡುತ್ತಿದ್ದ ಹಣದ ಸಣ್ಣದೊಂದು ಪಾಲು ಅಷ್ಟೇ. ಸ್ವಂತದವರೇ ಇಷ್ಟು ವರ್ಷ ಸುಲಿದರಲ್ಲ ಎಂಬ ಸಿಟ್ಟಿನಲ್ಲಿ ಒಂದು ತಿಂಗಳಿಗಾಗುವಷ್ಟು ಮಾತ್ರೆ ಕೊಂಡು ಮನೆಗೆ ಹೋದಳು. ಆ್ಯಪ್ ಹುಟ್ಟಿದ್ದು ಆ ಬಸ್ಸಿನಲ್ಲಿ.

ಕೆಲವು ದಿನಗಳ ನಂತರ ಅಮ್ಮ ಅಂಗಳದಲ್ಲಿ ಅಡಿಕೆ ಹರವುವಾಗ ತಲೆಸುತ್ತಿ ಬಿದ್ದರು. ರಕ್ತದೊತ್ತಡ ತೀರಾ ಇಳಿದಿತ್ತು. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ತನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಮನೆಯ ಬಿಸ್ಕತ್ತಿನ ಡಬ್ಬ ಬಂತು. ಅದರಲ್ಲಿ ಚಿಕ್ಕಪ್ಪನ ಅಂಗಡಿಯ ಮಾತ್ರೆಯ ಸ್ಟ್ರಿಪ್ಪೂ ಇತ್ತು, ಜನೌಷಧಿಯ ಸ್ಟ್ರಿಪ್ಪೂ ಇತ್ತು. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಔಷಧ ಒಂದೇ. ಅಮ್ಮ ದಿನವೂ ಕನ್ನಡ ಪತ್ರಿಕೆ ಓದುವವರು. ಆದರೆ ಆ ಎರಡು ಸ್ಟ್ರಿಪ್‌ಗಳಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಎರಡನ್ನೂ ನುಂಗುತ್ತಿದ್ದರು. ಏಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದು: “ಮಗಳು ತಂದದ್ದನ್ನು ಬೇಡ ಎನ್ನಲಾಗಲಿಲ್ಲ, ಮೈದುನ ಕಳಿಸಿದ್ದನ್ನು ಬಿಡಲಾಗಲಿಲ್ಲ.”

ಅಮ್ಮ ಚೇತರಿಸಿಕೊಂಡರು. ಚಿಕ್ಕಪ್ಪ ಮಾತ್ರ ಎಲ್ಲರೆದುರು, “ನಿನ್ನ ಯೋಜನೆಗೆ ಮೊದಲು ಸಿಕ್ಕಿದ್ದು ನಿನ್ನ ಅಮ್ಮನೇ” ಎಂದುಬಿಟ್ಟರು. ಅಂದಿನಿಂದ ಆ ಎರಡು ಮನೆಗಳ ನಡುವೆ ಮಾತಿಲ್ಲ, ಸುಮಾಳಿಗೆ ನಿದ್ರೆಯಿಲ್ಲ.

ನನಗೆ ಕಂಡದ್ದು ಇಷ್ಟು: ಆ್ಯಪ್ ಗೆದ್ದರೆ ತಾನು ಮಾಡಿದ್ದು ಸರಿ ಎಂದು ಮನೆಯವರೆದುರು ಸಾಬೀತಾಗುತ್ತದೆ ಎಂದು ಆಕೆ ನಂಬಿದ್ದಳು. ಅಂಥ ಪಂತಕ್ಕೆ ತೋಟ ಅಡವಿಡುವುದು ಬೇಡ ಎಂದು ನೇರವಾಗಿಯೇ ಹೇಳಿದೆ. ಮಳೆ ಹೆಚ್ಚಾದ ವರ್ಷ ಕೊಳೆರೋಗಕ್ಕೆ ಅರ್ಧ ಫಸಲು ಉದುರುವ ನಾಡಿನಲ್ಲಿ ಅಪ್ಪಯ್ಯನ ಹಿಂಜರಿಕೆಯನ್ನು ಅಜ್ಞಾನ ಎಂದು ಕರೆಯುವುದು ಅನ್ಯಾಯ.

ಚಿಕ್ಕಪ್ಪನನ್ನೂ ಒಮ್ಮೆ ಕರೆಸಿದೆ. ಬಿಗುಮಾನದಿಂದಲೇ ಕುಳಿತರು. ವೈದ್ಯರು ಕಂಪನಿಯ ಹೆಸರು ಬರೆದರೆ ತಾನು ಬೇರೆಯದನ್ನು ಕೊಡುವಂತಿಲ್ಲ ಎಂದರು. ಅದು ನಿಜ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಶೆಡ್ಯೂಲ್ ಎಚ್ ಔಷಧಗಳಿಗೆ 1945ರ ಔಷಧ ನಿಯಮಗಳು ಹಾಗೆಯೇ ಹೇಳುತ್ತವೆ. ಸರ್ಕಾರ ಗರಿಷ್ಠ ಬೆಲೆ ಕಟ್ಟಿದ ಔಷಧಗಳಲ್ಲಿ ಅಂಗಡಿಯವನ ಲಾಭಾಂಶಕ್ಕೆ ಸೇರಿಸುವುದು ಶೇ. 16 ಎಂದರು, ಅದೂ ನಿಜ. ಆಗ ಸುಮಾ ಕೇಳಿದಳು: “ನಿಮ್ಮ ಅಂಗಡಿಯ ಜೆನೆರಿಕ್ ಮಾತ್ರೆಗಳ ಮೇಲೆ ಎಷ್ಟು ಉಳಿಯುತ್ತದೆ ಚಿಕ್ಕಪ್ಪ?” ಅವರು ಉತ್ತರಿಸಲಿಲ್ಲ. ಜೆನೆರಿಕ್ ಎಂದರೆ ದೊಡ್ಡ ಬ್ರ್ಯಾಂಡಿನ ಹೆಸರಿಲ್ಲದೆ ಬರುವ ಅದೇ ಔಷಧ. ಅಂಗಡಿಗೆ ಬರುವ ಬೆಲೆಗಿಂತ ಹಲವು ಪಟ್ಟು ಹೆಚ್ಚಿನ ಎಂಆರ್‌ಪಿ ಮುದ್ರಿಸಿಕೊಂಡು ಬರುವ ಇಂಥ ಮಾತ್ರೆಗಳ ವಿಷಯ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು. ಸ್ವಲ್ಪ ಹೊತ್ತಿನ ಮೇಲೆ, “ಅಡಿಕೆ ಮಾರುವವರೆಗೆ ಅತ್ತಿಗೆಯ ಔಷಧಕ್ಕೆ ಎಂದಾದರೂ ದುಡ್ಡು ಕೇಳಿದ್ದೇನೆಯೇ?” ಎಂದರು. ಪ್ರಶ್ನೆಗೆ ಅದು ಉತ್ತರವಲ್ಲ ನಿಜ. ಆದರೆ ತಿಂಗಳುಗಟ್ಟಲೆ ಉದ್ರಿ ಕೊಡುವ ಅಂಗಡಿಗೂ ಸ್ಥಳದಲ್ಲೇ ಹಣ ಎಣಿಸಬೇಕಾದ ಕೇಂದ್ರಕ್ಕೂ ಇರುವ ವ್ಯತ್ಯಾಸ ಸುಮಾಳ ಬೆಲೆಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ ಎಂಬುದೂ ನಿಜ.

ಸುಮಾಳಿಗೆ ನಾನು ಹೇಳಿದ್ದು: ವೈದ್ಯರಿಗೆ ತಿಳಿಸದೆ ಮಾತ್ರೆ ಬದಲಿಸಿದ್ದಕ್ಕೆ ಅಮ್ಮನಲ್ಲಿ ಕ್ಷಮೆ ಕೇಳಿ. ಬೆಲೆಯ ಪ್ರಶ್ನೆ ಎತ್ತಿದ್ದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಅಗ್ಗದ ಮಾತ್ರೆಗೆ ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ, ಒಪ್ಪಿದರೆ ಹಳೆಯ ಸ್ಟ್ರಿಪ್ಪನ್ನು ಅಂದೇ ಡಬ್ಬದಿಂದ ತೆಗೆಯಿರಿ. ಥೈರಾಯ್ಡ್ ಮಾತ್ರೆಯ ಕಂಪನಿ ಬದಲಾದರೆ ಆರೆಂಟು ವಾರಗಳಲ್ಲಿ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಬೇಕಾಗುತ್ತದೆ. ಹಾಗಾಗಿ ಅದನ್ನು ಬೆಲೆ ನೋಡಿ ಆಗಾಗ ಬದಲಿಸುವುದು ಸಲ್ಲ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಟ್ಟಬೇಡಿ. ಅಷ್ಟಾದರೂ ನಿದ್ರೆ ಹತ್ತದಿದ್ದರೆ ಮನೋವೈದ್ಯರನ್ನು ಕಾಣಿ. ಅಪರಾತ್ರಿಯಲ್ಲಿ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ.

ಉದ್ಯಮದ ಗೆಲುವು ಸೋಲು ನನ್ನ ಕ್ಷೇತ್ರವಲ್ಲ. ಆದರೂ ಕೆಲವು ಪ್ರಶ್ನೆ ಹಾಕಿದೆ. ಬೆಲೆ ಹೋಲಿಸಲು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಆ್ಯಪ್ ಇದೆ, ಜನೌಷಧಿಯ ‘ಜನೌಷಧಿ ಸುಗಮ್’ ಆ್ಯಪ್ ಇದೆ. “ಅವನ್ನು ಯಾರೂ ಬಳಸುವುದಿಲ್ಲ” ಎಂದಳು. ಹಾಗಾದರೆ ಏಕೆ ಬಳಸುವುದಿಲ್ಲ ಎಂದು ಊರಿನ ಮನೆಗಳಲ್ಲಿ ಕುಳಿತು ಕೇಳಿದ್ದೀರಾ? ಅಂಗಡಿಗಳಿಂದ ಕಮಿಷನ್ ಪಡೆದರೆ ಪಟ್ಟಿಯ ಮೇಲ್ಭಾಗದಲ್ಲಿ ಯಾರ ಹೆಸರು ಬರುತ್ತದೆ? ಚೀಟಿಯಲ್ಲಿ ಕಾಯಿಲೆಯ ಗುಟ್ಟಿದೆ, ಅದನ್ನು ಯಾರು ಕಾಯುತ್ತಾರೆ? ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಮನೆಯವರು ಏನು ಮಾಡಬೇಕು? ಮತ್ತೆ ಉದ್ಯೋಗ ಹಿಡಿದು, ಸಂಬಳದಲ್ಲಿ ಉಳಿಸಿದ್ದರಲ್ಲಿ ಆಗುವಷ್ಟನ್ನೇ ಮಾಡಿ ನೋಡಿ ಎಂದೆ.

ಈಗ ಮನೆಯಿಂದಲೇ ಒಂದು ಕಂಪನಿಗೆ ಕೆಲಸ ಮಾಡುತ್ತಿದ್ದಾಳೆ, ನಿದ್ರೆ ಸುಧಾರಿಸಿದೆ. ನೆರೆಮನೆಗಳ ಮಾತ್ರೆ ಡಬ್ಬ ನೋಡತೊಡಗಿದ ಮೇಲೆ ಬೆಲೆಯ ಪಟ್ಟಿ ಹಿಂದೆ ಸರಿದಿದೆ. ಯಾವುದು ಯಾತಕ್ಕೆ, ಯಾವ ಎರಡು ಒಂದೇ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದ ಹಾಳೆಯೊಂದನ್ನು ಅಮ್ಮನಿಗಾಗಿ ಮಾಡಿ, ವೈದ್ಯರಿಗೆ ತೋರಿಸಿ ತಿದ್ದಿಸಿಕೊಂಡಿದ್ದಾಳೆ. ಇದರಿಂದ ದುಡ್ಡು ಹುಟ್ಟುತ್ತದೆಯೇ ಎಂದು ನನ್ನನ್ನು ಕೇಳಿದಳು. ನನಗೆ ಅನುಮಾನ, ಹಾಗೆಯೇ ಹೇಳಿದೆ. ಜೆನೆರಿಕ್ ಲಾಭದ ಪ್ರಶ್ನೆಗೆ ಚಿಕ್ಕಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಭೇಟಿಗೆ ಬರಲು ಒಪ್ಪಿದ್ದಾರೆ. ಈ ಬಾರಿ ಅಪ್ಪಯ್ಯನೂ ಇರಲಿ ಎಂದಿದ್ದೇನೆ. ಸಾಲ ಬೇಡವೆಂದ ಅವರ ಕಾರಣವನ್ನು ಮಗಳು ಇದುವರೆಗೂ ಅವರ ಬಾಯಿಂದ ಕೇಳಿಲ್ಲ.