ತಾಳ್ಮೆಯಲ್ಲ ಅಕ್ಕಾ, ನಿಮಗೆ ನಿದ್ದೆ ಬೇಕು

ಲಕ್ವಾ ಹೊಡೆದ ಅತ್ತೆಯವರನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದೀರಿ, ಅವರ ಮೇಲೆ ರೇಗುತ್ತೀರಿ, ತಾಳ್ಮೆ ಬೆಳೆಸಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನಿಮಗೆ ತಾಳ್ಮೆ ಕಡಿಮೆಯಿಲ್ಲ. ನಿದ್ದೆ ಕಡಿಮೆ.

2018ರಲ್ಲಿ ನಮ್ಮಪ್ಪನ ಬಲಗೈ, ಬಲಗಾಲು ಬಿದ್ದುಹೋದವು. ನಾನು ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದೆ, ಮನೆ ಬೆಟಗೇರಿಯಲ್ಲಿ. ಹಾವೇರಿಯಿಂದ ತಂಗಿ ಎಷ್ಟು ಸಲ "ಅಣ್ಣಾ, ನಾ ಬರ್ಲೇನು?" ಅಂದಳು. "ಬ್ಯಾಡವಾ, ನಿನ್ನ ಮನಿ ನೋಡ್ಕೊ, ನಾ ಇದ್ದೀನಲ್ಲ" ಅನ್ನುತ್ತಿದ್ದೆ. ಅದೇ ದೊಡ್ಡತನ ಅಂದುಕೊಂಡಿದ್ದೆ.

ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕಿತ್ತು. ನಡುವೆ ಮೂತ್ರಕ್ಕೆ ಎಬ್ಬಿಸಬೇಕು. ಒಂದು ಬೆಳಗಿನ ಜಾವ, ಬೇಗ ಮುಗಿದರೆ ಸಾಕು ಅಂತ, ಅಪ್ಪನ ಬಲಗೈ ಹಿಡಿದು ಜಗ್ಗಿಬಿಟ್ಟೆ.

ಇದನ್ನು ಬಿಡಿಸಿ ಹೇಳುತ್ತೇನೆ. ನೀವೂ ಹಾಗೇ ಮಾಡುತ್ತಿರಬಹುದು. ಲಕ್ವಾ ಹೊಡೆದ ಕಡೆ ಭುಜದ ಕೀಲು ಹಿಡಿದಿಡುವ ಸ್ನಾಯುಗಳಲ್ಲಿ ಎಷ್ಟೋ ಸಲ ಬಿಗಿ ಇರುವುದಿಲ್ಲ. ಕೈ ಜೋತು ಬಿದ್ದಿರುತ್ತದೆ. ಜಗ್ಗಿದರೆ ಕೀಲು ಜಾಗ ಬಿಟ್ಟು ಸರಿಯಬಹುದು. ಕಂಕುಳಿಗೆ ಕೈ ಕೊಟ್ಟು ಎತ್ತುವುದೂ ತಪ್ಪೇ. ಮೊದಲು ಮಂಚದ ಅಂಚಿಗೆ ಕೂರಿಸಬೇಕು. ಎರಡೂ ಪಾದ ನೆಲಕ್ಕೆ ಊರಿಸಬೇಕು. ಅವರು ಮುಂದಕ್ಕೆ ಬಾಗಬೇಕು, ನಾವು ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟ್ ಹಿಡಿದು ಎಬ್ಬಿಸಬೇಕು. ಫಿಸಿಯೋಥೆರಪಿಯವರು ಇದನ್ನೆಲ್ಲ ಮೊದಲ ವಾರವೇ ತೋರಿಸಿದ್ದರು! ಗೊತ್ತಿದ್ದೂ ಜಗ್ಗಿದೆ. ನಿದ್ದೆಗೆಟ್ಟ ತಲೆಗೆ ಏನೂ ಹೊಳೆಯಲಿಲ್ಲ. ಅಪ್ಪ ಆಗಷ್ಟೇ ಬೆರಳು ಅಲುಗಾಡಿಸಲು ಶುರು ಮಾಡಿದ್ದರು. ಭುಜದ ನೋವಿಗೆ ಎರಡು ತಿಂಗಳು ವ್ಯಾಯಾಮ ನಿಂತಿತು. ಆ ಕೈಯಿಂದ ಅವರು ಮತ್ತೆ ರೊಟ್ಟಿ ಮುರಿಯಲಿಲ್ಲ.

ಆಮೇಲೆ ನಾನೇ ತಂಗಿಗೆ ಫೋನ್ ಮಾಡಿದೆ. ಶನಿವಾರ ಮಧ್ಯಾಹ್ನ ಬಂದು ರವಿವಾರ ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ವಾರಕ್ಕೆ ಒಂದೇ ರಾತ್ರಿ, ಅಲ್ವಾ? ಆದರೆ ಸೋಮವಾರ ಅಪ್ಪನ ಗಡ್ಡ ಮಾಡುವಾಗ ನಾನು ರೇಗುತ್ತಿರಲಿಲ್ಲ, ಊರಿನ ಸುದ್ದಿ ಹೇಳುತ್ತಿದ್ದೆ.

ಮನೆಯವರಿಗೆ ರಾತ್ರಿ ಪಾಳಿ, ಮೈದುನ ಹುಬ್ಬಳ್ಳಿಯಲ್ಲೇ ಇದ್ದಾರೆ ಅಂತ ಬರೆದಿದ್ದೀರಿ. ಅವರಿಗೆ "ಆದಾಗ ಬರ್ರಿ" ಅನ್ನಬೇಡಿ. ಆ ದಿನ ಬರುವುದೇ ಇಲ್ಲ. "ಈ ಶನಿವಾರ ರಾತ್ರಿ ಅತ್ತಿ ಹತ್ರ ನೀವು ಮಲಗ್ರಿ" ಅಂತ ದಿನ ಹಿಡಿದು ಹೇಳಿ. ಸಂಕೋಚ ಬೇಡ, ಅವರ ತಾಯಿ ಅವರು. ನೀವು ಬೇರೆ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ನಡುರಾತ್ರಿ ಅಳು ಬಂದು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೈದುನನಿಗೆ ಮಾತ್ರ ಶನಿವಾರ ಹಗಲಿನಲ್ಲೇ ಎಬ್ಬಿಸುವ ರೀತಿ ತೋರಿಸಿಡಿ. ಬೆಲ್ಟ್ ಮಂಚದ ತಲೆ ಕಡೆಗೇ ಇರಲಿ, ಕತ್ತಲಲ್ಲಿ ಕೈಗೆ ಸಿಗುವ ಹಾಗೆ.