‘ಬಾರ್ನ್ ಟು ಡೈ’ಗೆ ಅಂಕ ಕೊಟ್ಟವರು ಎಡವಿದ್ದೆಲ್ಲಿ?

ನಿಮ್ಮ ಪ್ರಶ್ನೆ ಇದು: ‘ಅಮೆರಿಕದ ಗಾಯಕಿ ಲಾನಾ ಡೆಲ್ ರೇ ಅವರ ಬಾರ್ನ್ ಟು ಡೈ ಆಲ್ಬಮ್ 2012ರಲ್ಲಿ ಬಂದಾಗ ವಿಮರ್ಶಕರು ಹಿಗ್ಗಾಮುಗ್ಗಾ ಬೈದಿದ್ದರಂತೆ, ಈಗ ಅವರೇ ಹೊಗಳುತ್ತಾರೆ. ಆಗ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲವೇ?’

ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವತ್ತಿನ ವಿಮರ್ಶೆಗಳನ್ನು ಈಗ ಓದಿ ನೋಡಿ. ಹಾಡುಗಳು ಹೇಗಿವೆ ಎಂಬ ವರ್ಣನೆ ಬಹುಪಾಲು ಸರಿಯಾಗಿಯೇ ಇದೆ: ನಯವಾಗಿ ತಿದ್ದಿ ತೀಡಿದ ಧ್ವನಿ, ಪಿಟೀಲುಗಳ ಮಹಾಪೂರ, ಅದರ ಕೆಳಗೆ ಹಿಪ್‌ಹಾಪ್ ಬೀಟು, ಮೇಲೆ ಅರೆನಿದ್ದೆಯಲ್ಲಿರುವಂತೆ ಹಾಡುವ ಹೆಣ್ಣು. ಆದರೆ ತೀರ್ಪು ಬಿದ್ದದ್ದು ಹಾಡಿನ ಮೇಲಲ್ಲ, ಹಾಡಿದವಳ ಮೇಲೆ.

ಮೊದಲು ಒಂದು ತಿದ್ದುಪಡಿ. ಎಲ್ಲರೂ ಬೈದರು ಅನ್ನುವುದು ಆಮೇಲೆ ಹುಟ್ಟಿಕೊಂಡ ಕಥೆ. ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಸರಾಸರಿ ನೂರಕ್ಕೆ 62. ಫೇಲ್ ಅಂತೂ ಅಲ್ಲ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಅಲೆಕ್ಸಿಸ್ ಪೆಟ್ರಿಡಿಸ್ ನಾಲ್ಕು ಸ್ಟಾರ್ ಕೊಟ್ಟಿದ್ದರು. ಇದು ಯಾವುದೋ ನೊಂದ ಆತ್ಮದ ಪಯಣ ಅಂತೆಲ್ಲ ನಂಬಬೇಡಿ, ಆದರೆ ಪಾಪ್ ಸಂಗೀತವಾಗಿ ಸೊಗಸಾಗಿ ಕಟ್ಟಿದ್ದಾರೆ ಎಂಬುದು ಅವರ ಮಾತಿನ ಸಾರ. ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. ರೋಲಿಂಗ್ ಸ್ಟೋನ್ ಕೊಟ್ಟಿದ್ದು ಎರಡೇ ಸ್ಟಾರ್, ಪಿಚ್‌ಫೋರ್ಕ್ ಎಂಬ ಸಂಗೀತದ ವೆಬ್ ಪತ್ರಿಕೆ ಹತ್ತಕ್ಕೆ 5.5. ಎಟುಕದ ಪ್ರೇಮಕ್ಕಾಗಿ ಹಾಡುವ ವಿರಹದ ಹಾಡಿಗೆ ಇಂಗ್ಲಿಷಿನಲ್ಲಿ ‘ಟಾರ್ಚ್ ಸಾಂಗ್’ ಎನ್ನುತ್ತಾರೆ, ಅಂದರೆ ಪಂಜಿನ ಹಾಡು. ಇವು ಬೆಂಕಿಯೇ ಇಲ್ಲದ ಪಂಜುಗಳು ಎಂದು ಪಿಚ್‌ಫೋರ್ಕ್ ಚುಚ್ಚಿತ್ತು. ಅದರ ಜೊತೆಗಿದ್ದ ಇನ್ನೊಂದು ಹೋಲಿಕೆ ಇಲ್ಲಿ ಬರೆಯುವಂಥದ್ದಲ್ಲ, ಬಿಡಿ.

ಅಷ್ಟು ಸಿಟ್ಟು ಯಾಕೆ? ಹಾಡುಗಳಲ್ಲಿ ಹುಡುಕಿದರೆ ಕಾರಣ ಸಿಗುವುದಿಲ್ಲ. 2011ರಲ್ಲಿ ‘ವಿಡಿಯೋ ಗೇಮ್ಸ್’ ಹಾಡು ಯೂಟ್ಯೂಬಿನಲ್ಲಿ ಹರಡಿತು. ಹಳೆಯ ಫಿಲಂ ತುಣುಕುಗಳನ್ನೂ ವೆಬ್‌ಕ್ಯಾಮ್‌ನಲ್ಲಿ ಹಿಡಿದ ತನ್ನ ಮುಖವನ್ನೂ ಸೇರಿಸಿ ಅವಳೇ ಹೊಲಿದ ವಿಡಿಯೋ ಅದು. ದೊಡ್ಡ ಕಂಪನಿಗಳ ಹಂಗಿಲ್ಲದ ‘ಇಂಡೀ’ ಸಂಗೀತದ ಬ್ಲಾಗುಗಳವರು ಇದು ನಮ್ಮ ಪತ್ತೆ ಎಂದು ಬೀಗಿದರು. ಆಮೇಲೆ ಒಂದೊಂದೇ ಸುದ್ದಿ ಹೊರಬಂತು. ಅವಳ ನಿಜವಾದ ಹೆಸರು ಎಲಿಜಬೆತ್ ಗ್ರಾಂಟ್. 2010ರಲ್ಲೇ ಒಂದು ಆಲ್ಬಮ್ ಬಂದು ಮಾರುಕಟ್ಟೆಯಿಂದ ಮರೆಯಾಗಿತ್ತು. ಅವಳ ಬೆನ್ನ ಹಿಂದೆ ಈಗ ಇಂಟರ್‌ಸ್ಕೋಪ್‌ನಂಥ ದೊಡ್ಡ ರೆಕಾರ್ಡ್ ಕಂಪನಿ. ಅಪ್ಪ ಇಂಟರ್‌ನೆಟ್ ಡೊಮೇನ್ ವ್ಯವಹಾರದವರು. ತುಟಿಗೆ ಆಪರೇಷನ್ ಆಗಿದೆಯೇ ಎಂಬುದೂ ಚರ್ಚೆಯಾಯಿತು. ನಾಟಿ ಅಂತ ಕೊಂಡ ಕೋಳಿ ಫಾರಂದು ಅಂತ ಗೊತ್ತಾದವರ ಕೋಪ ಅದು.

2012ರ ಜನವರಿ 14ರಂದು ಅವಳು ‘ಸ್ಯಾಟರ್‌ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮದಲ್ಲಿ ಹಾಡಿದಳು, ಆಲ್ಬಮ್ ಇನ್ನೂ ಅಂಗಡಿಗೇ ಬಂದಿರಲಿಲ್ಲ. ಅಲ್ಲಿ ಕೆಟ್ಟದಾಗಿ ಹಾಡಿದಳು. ಎನ್‌ಬಿಸಿಯ ಸುದ್ದಿವಾಚಕ ಬ್ರಯಾನ್ ವಿಲಿಯಮ್ಸ್ ತಮ್ಮದೇ ಚಾನೆಲ್ಲಿನ ಆ ಕಾರ್ಯಕ್ರಮವನ್ನು ಹಳಿದು ಬರೆದ ಇಮೇಲ್ ಬಯಲಾಯಿತು. ಆಲ್ಬಮ್ ಬಂದದ್ದು ತಿಂಗಳ ಕೊನೆಗೆ. ಅಷ್ಟರಲ್ಲಿ ಅರ್ಧ ವಿಮರ್ಶೆ ಜನರ ಬಾಯಲ್ಲಿ ಆಗಿಹೋಗಿತ್ತು.

ನಾನೂ ಆ ಕ್ಲಿಪ್ ನೋಡಿ ನಕ್ಕವನೇ. ಆಲ್ಬಮ್ ಪೂರ್ತಿ ಕೇಳಿದ್ದು ಎಷ್ಟೋ ತಿಂಗಳ ಮೇಲೆ, ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ರಾತ್ರಿ ಬಸ್ಸಿನಲ್ಲಿ, ಪಕ್ಕದವನ ಗೊರಕೆ ತಡೆಯಲಾರದೆ ಇಯರ್‌ಫೋನ್ ಸಿಕ್ಕಿಸಿಕೊಂಡಾಗ. ತಿಪಟೂರು ದಾಟುವಾಗ ‘ವಿಡಿಯೋ ಗೇಮ್ಸ್’ ಬಂತು. ಆ ಹಾಡಿನ ಮಾತುಗಳಲ್ಲಿ ಏನೂ ನಡೆಯುವುದಿಲ್ಲ. ಅವನು ಬಿಯರ್ ತೆರೆದು ಗೇಮ್ ಆಡುತ್ತಾ ಕೂತಿದ್ದಾನೆ. ಅವಳು ಅವನಿಗೆ ಇಷ್ಟವಾದ ಉಡುಪು ತೊಟ್ಟು, ಅವನಿಗೆ ಇಷ್ಟವಾದ ಸುಗಂಧ ಪೂಸಿಕೊಂಡು ಪಕ್ಕದಲ್ಲಿದ್ದಾಳೆ. ಅಷ್ಟೇ. ಆದರೆ ಹಿಂದೆ ಗಂಟೆ ಮೊಳಗುತ್ತದೆ, ಹಾರ್ಪ್, ಪಿಯಾನೋ, ಪಿಟೀಲುಗಳು ಯಾವುದೋ ರಾಜಮನೆತನದ ಮದುವೆಯೋ ಸಾವೋ ಎಂಬಂತೆ ಏಳುತ್ತವೆ. ಸಂಜೆ ಸಪ್ಪೆ, ಸಂಗೀತ ಅರಮನೆ. ಇವೆರಡರ ನಡುವೆ ಇರುವ ಅಂತರದಲ್ಲೇ ದುಃಖ ಇದೆ. ಹೊಳಪನ್ನು ತೆಗೆದು ಬರೀ ಗಿಟಾರ್ ಇಟ್ಟಿದ್ದರೆ ಅದೊಂದು ಸಾಧಾರಣ ಗೊಣಗಾಟ ಆಗುತ್ತಿತ್ತು.

ವಿಮರ್ಶಕರು ಎಡವಿದ್ದು ಇಲ್ಲೇ ಎನ್ನುವುದು ನನ್ನ ವಾದ. ಹೊಳಪು ದುಃಖವನ್ನು ಮುಚ್ಚಿದೆ, ಹಾಗಾಗಿ ದುಃಖ ಸುಳ್ಳು ಎಂದುಕೊಂಡರು. ‘ನ್ಯಾಷನಲ್ ಆಂಥಮ್’ನಲ್ಲಿ ದುಡ್ಡೇ ರಾಷ್ಟ್ರಗೀತೆ ಎನ್ನುವವಳು ಜಾಹೀರಾತಿನ ಹುಡುಗಿಯಂತೆ ಹಾಡಿದರೆ, ಇವಳೇ ಜಾಹೀರಾತು ಎಂದುಬಿಟ್ಟರು. ಯಕ್ಷಗಾನದಲ್ಲಿ ದಮಯಂತಿಯ ವೇಷ ಹಾಕಿದ ಗಂಡಸು ಕಾಡಿನಲ್ಲಿ ನಿಂತು ಅತ್ತರೆ ನಮ್ಮೂರಲ್ಲಿ ಯಾರೂ ಅವನ ಆಧಾರ್ ಕಾರ್ಡು ಕೇಳುವುದಿಲ್ಲ. ದನಿಯನ್ನು ಬೇಕೆಂದೇ ತಗ್ಗಿಸಿದೆ, ಮೊದಲು ಜನ ನನ್ನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ ಎಂಬರ್ಥದಲ್ಲಿ ಲಾನಾಳೇ ಹೇಳಿಕೊಂಡಿದ್ದಳು. ಅದನ್ನೂ ಸಾಕ್ಷಿಯಾಗಿ ಬಳಸಿದರು, ಅವಳ ವಿರುದ್ಧವೇ.

ಹಾಗಂತ ಈಗಿನ ಹೊಗಳಿಕೆಯನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಹನ್ನೆರಡು ಹಾಡುಗಳಲ್ಲಿ ಮೊದಲ ಆರು ಗಟ್ಟಿ. ಏಳರಿಂದ ಹತ್ತರವರೆಗೆ ಒಂದೇ ಅಚ್ಚಿನ ಇಟ್ಟಿಗೆ: ಅದೇ ನಿಧಾನದ ಬೀಟು, ಅದೇ ಪಿಟೀಲು, ಹಿಂದೆ ಯಾರೋ ಕೂಗಿದಂತೆ ಅದೇ ಸದ್ದು. ಎಮಿಲ್ ಹೇನಿ ಒಳ್ಳೆಯ ಪ್ರೊಡ್ಯೂಸರ್, ಆದರೆ ಇಲ್ಲಿ ಒಂದೇ ಮಸಾಲೆಯಲ್ಲಿ ಇಡೀ ಊಟ ಮುಗಿಸಿದ್ದಾರೆ. ಬೇಸರ ಹುಟ್ಟಿಸುತ್ತದೆ ಎಂದು ಅವತ್ತು ದೂರಿದವರ ಮಾತು ಈ ಭಾಗಕ್ಕೆ ನಿಜ. ಹನ್ನೊಂದನೆಯದಾಗಿ ‘ಸಮ್ಮರ್‌ಟೈಮ್ ಸ್ಯಾಡ್‌ನೆಸ್’ ಬಂದು ಕಾಪಾಡುತ್ತದೆ. (2013ರಲ್ಲಿ ಇದನ್ನು ಸೆಡ್ರಿಕ್ ಜರ್ವೇ ಕುಣಿಯುವ ಹಾಡಾಗಿ ರೀಮಿಕ್ಸ್ ಮಾಡಿದಾಗ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು, ಗ್ರ್ಯಾಮಿಯೂ ಬಂತು. ನನಗೆ ಆ ರೀಮಿಕ್ಸ್ ಕಂಡರಾಗದು.)

ಅಭಿಪ್ರಾಯ ತಿರುಗಿದ್ದು ಹೇಗೆ? ಸ್ವಲ್ಪ ಮಟ್ಟಿಗೆ, ಮುಂದಿನ ಆಲ್ಬಮ್‌ಗಳ ಪುಣ್ಯ ಇದಕ್ಕೆ ಜಮಾ ಆಯಿತು. ವೇಷ ಕಳಚುತ್ತಾಳೆ ಎಂದು ಕಾದವರ ಮುಂದೆ ಅವಳು ಹತ್ತು ವರ್ಷ ಅದೇ ವೇಷದಲ್ಲಿ ನಿಂತಳು. 2019ರ ಆಲ್ಬಮ್‌ಗೆ ಪಿಚ್‌ಫೋರ್ಕ್ 9.4 ಕೊಟ್ಟಿತು. 2021ರಲ್ಲಿ ಅದೇ ಪತ್ರಿಕೆ ಹಳೆಯ ಕೆಲವು ಅಂಕಗಳನ್ನು ತಿದ್ದಿ ಪ್ರಕಟಿಸಿದಾಗ ‘ಬಾರ್ನ್ ಟು ಡೈ’ 5.5ರಿಂದ 7.8ಕ್ಕೆ ಹೋಯಿತು. ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಇನ್ನೊಂದು ಕಾರಣ ಕೇಳುಗರು. ಅಂಕ ನೋಡದ ಹದಿಹರೆಯದವರು ಇದನ್ನು ಬಿಡಲೇ ಇಲ್ಲ. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಗೆ ಇದು ಬಂದದ್ದು ಎರಡನೇ ಸ್ಥಾನದಲ್ಲಿ, ಮೇಲೆ ಗಾಯಕಿ ಅಡೆಲ್ ಅವರ ‘21’ ಕೂತಿತ್ತು. 2023ರ ಕೊನೆಗೆ ಆ ಪಟ್ಟಿಯಲ್ಲಿ 500 ವಾರ ಪೂರೈಸಿತು. ಅದಕ್ಕೂ ಮೊದಲು ಅಷ್ಟು ಕಾಲ ಉಳಿದ ಮಹಿಳೆಯ ಆಲ್ಬಮ್ ಒಂದೇ ಒಂದು, ಮತ್ತೆ ಅದೇ ‘21’.

ನೀವಿನ್ನೂ ಕೇಳಿಲ್ಲದಿದ್ದರೆ ಮೊದಲ ಆರು ಹಾಡು ಸಾಲಾಗಿ ಕೇಳಿ, ಆಮೇಲೆ ಹನ್ನೊಂದಕ್ಕೆ ಹಾರಿ. ಅದಾದ ಮೇಲೆ ಬೇಕಿದ್ದರೆ ಟಿವಿಯ ಆ ಕ್ಲಿಪ್ ನೋಡಿ. ಬಿಳಿ ಲೇಸಿನ ಉದ್ದನೆಯ ಗೌನು ತೊಟ್ಟು, ನಿಂತಲ್ಲೇ ನಿಧಾನಕ್ಕೆ ತಿರುಗುತ್ತಾ, ಕೆಳಗಿನ ಸ್ವರಗಳಲ್ಲಿ ದನಿ ಕಳೆದುಕೊಳ್ಳುತ್ತಾಳೆ. ಅವಳ ಪರವಾಗಿ ಇಷ್ಟೆಲ್ಲ ಬರೆದ ಮೇಲೂ ನನಗೆ ಅದು ಕೆಟ್ಟ ಹಾಡುಗಾರಿಕೆಯೇ.